ಆಲೂಗಡ್ಡೆಗೆ ಸಿರಿಂಜ್ ಚುಚ್ಚುವ ಚಿತ್ರ ಬೇಡ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಆಲೂಗಡ್ಡೆ ತಳಿಗಳ ಬಗ್ಗೆ ಒಂದು ವರದಿ ಬಂದಿತ್ತು. ವರದಿ ಚೆನ್ನಾಗಿಯೇ ಇತ್ತು. ಡಿಎನ್‌ಎ ಪರೀಕ್ಷೆ ಮಾಡಿ ರೋಗ ತಡೆಯುವ ಸಸಿಗಳನ್ನು ಬೇಗ ಆರಿಸುವುದು ಹೇಗೆ ಅನ್ನುವುದು ಅದರ ವಿಷಯ. ಆದರೆ ತಲೆಬರಹದಲ್ಲಿ ‘ಕುಲಾಂತರಿ ಆಲೂಗಡ್ಡೆ’ ಎಂದಿತ್ತು. ಪಕ್ಕದಲ್ಲಿ ಒಂದು ಫೋಟೊ. ನೀಲಿ ಗ್ಲೌಸ್ ಹಾಕಿದ ಕೈ, ಕೈಯಲ್ಲಿ ಸಿರಿಂಜ್, ಸಿರಿಂಜಿನೊಳಗೆ ಹಸಿರು ನೀರು, ಸೂಜಿ ನೇರವಾಗಿ ಗಡ್ಡೆಯ ಹೊಟ್ಟೆಗೆ. ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಯಾಕೆಂದರೆ ಆ ವರದಿಯಲ್ಲಿರುವ ಕೆಲಸದಲ್ಲಿ ಆಲೂಗಡ್ಡೆಯೊಳಗೆ ಯಾರೂ ಏನನ್ನೂ ಸೇರಿಸಿಲ್ಲ. ಎಲೆಯ ಒಂದು ಚೂರು ತೆಗೆದು ಅದರಲ್ಲಿ ಏನಿದೆ ಅಂತ ಓದಿದ್ದಾರೆ, ಅಷ್ಟೇ. ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದವರನ್ನು ಹಿಡಿದು ಆಪರೇಷನ್ ಆಯ್ತಂತೆ ಎಂದು ಊರಿಗೆಲ್ಲ ಸಾರಿದ ಹಾಗಾಯಿತು.

ನಾನು ಕೆಲವು ವರ್ಷ ಆಲೂಗಡ್ಡೆ ತಳಿ ಅಭಿವೃದ್ಧಿ ಮಾಡುವ ಕಡೆ ಸಹಾಯಕಿಯಾಗಿ ಕೆಲಸ ಮಾಡಿದವಳು. ವಿಜ್ಞಾನಿ ಅಲ್ಲ. ಗಾಜಿನಮನೆಯಲ್ಲಿ ಹೂವಿಗೆ ಪರಾಗ ಮುಟ್ಟಿಸುವುದು, ಚೀಟಿ ಕಟ್ಟುವುದು, ಹೊಲದಲ್ಲಿ ಗಡ್ಡೆ ಎಣಿಸುವುದು, ಆಮೇಲಾಮೇಲೆ ಎಲೆ ಚೂರು ಕತ್ತರಿಸಿ ಲ್ಯಾಬಿಗೆ ಕೊಡುವುದು, ಇವೇ ನನ್ನ ಕೆಲಸ. ಹಾಗಾಗಿ ಈ ಪತ್ರ ಉದ್ದ ಆಗುತ್ತದೆ. ಜಾಗ ಇಲ್ಲದಿದ್ದರೆ ಕತ್ತರಿಸಿಕೊಳ್ಳಿ, ಆ ಸಿರಿಂಜ್ ವಿಷಯ ಮಾತ್ರ ಬಿಡಬೇಡಿ.

ಆಲೂಗಡ್ಡೆ ಗಿಡ ಹೂ ಬಿಡುತ್ತದೆ, ಕಾಯಿಯನ್ನೂ ಬಿಡುತ್ತದೆ ಎಂದರೆ ಎಷ್ಟೋ ಜನ ನಂಬುವುದಿಲ್ಲ. ಹೊಸ ತಳಿ ಹುಟ್ಟುವುದು ಅಲ್ಲಿಂದಲೇ. ನಾಳೆ ಅರಳುವಂಥ ಮೊಗ್ಗನ್ನು ಇವತ್ತೇ ಹುಡುಕಬೇಕು. ಎರಡು ಬೆರಳಲ್ಲಿ ಹಿಡಿದು, ಸಣ್ಣ ಚಿಮುಟದಿಂದ ದಳ ಬಿಡಿಸಿ, ಒಳಗಿನ ಐದು ಹಳದಿ ಕೇಸರಗಳನ್ನು ಒಂದೊಂದಾಗಿ ಕೀಳಬೇಕು, ಹೂವಿಗೆ ತನ್ನದೇ ಪರಾಗ ಬೀಳಬಾರದಲ್ಲ. ಪರಾಗ ಹಿಡಿಯುವ ನಡುವಿನ ಕಡ್ಡಿಗೆ, ಅಂದರೆ ಶಲಾಕೆಗೆ, ಏಟಾದರೆ ಆ ಹೂವಿನ ಕಥೆ ಮುಗಿಯಿತು. ಇನ್ನೊಂದು ಗಿಡದ ಹೂವಿಗೆ ಎಲೆಕ್ಟ್ರಿಕ್ ಟೂತ್‌ಬ್ರಷ್ ತಾಗಿಸಿದರೆ (ಹೌದು, ಹಲ್ಲುಜ್ಜುವ ಬ್ರಷ್ಷೇ, ದುಂಬಿ ಮೈ ನಡುಗಿಸಿ ಮಾಡುವ ಕೆಲಸವನ್ನು ಅದು ಮಾಡುತ್ತದೆ) ಪರಾಗ ಪುಡಿ ಪುಡಿಯಾಗಿ ಉದುರುತ್ತದೆ. ಅದನ್ನು ಮಾತ್ರೆಯ ಖಾಲಿ ಕ್ಯಾಪ್ಸೂಲಿನಲ್ಲಿ ಹಿಡಿದು ತಂದು ಶಲಾಕೆಯ ತುದಿಯನ್ನು ಅದರೊಳಗೆ ಅದ್ದಬೇಕು. ಚೀಟಿ ಕಟ್ಟಬೇಕು. ಎಷ್ಟೋ ಹೂವುಗಳು ಎರಡೇ ದಿನಕ್ಕೆ ಉದುರಿ ಹೋಗುತ್ತವೆ, ಸುಮ್ನೆ. ಉಳಿದರೆ ಆರೆಂಟು ವಾರಕ್ಕೆ ಟೊಮೆಟೊ ಮರಿಯಂಥ ಹಸಿರು ಕಾಯಿ. ತಿನ್ನಬಾರದು, ವಿಷ. ಹಿಚುಕಿದರೆ ಒಳಗೆ ಲೋಳೆ ಲೋಳೆಯಾಗಿ ನೂರಿನ್ನೂರು ಬೀಜ.

ಆ ಒಂದೇ ಕಾಯಿಯ ಇನ್ನೂರು ಬೀಜ ಬಿತ್ತಿದರೆ ಇನ್ನೂರು ಬೇರೆ ಬೇರೆ ಆಲೂಗಡ್ಡೆ ಬರುತ್ತವೆ. ಒಂದು ಉದ್ದ, ಒಂದು ಗೋಲಿ ಗಾತ್ರ, ಒಂದರ ಕಣ್ಣು ಗುಳಿ ಬಿದ್ದಿರುತ್ತದೆ, ಒಂದು ಗಿಡ ಎದೆ ಮಟ್ಟ ಬೆಳೆದು ಬುಡದಲ್ಲಿ ಏನೂ ಇರುವುದಿಲ್ಲ. ಹೀಗೇಕೆ ಅನ್ನುವುದು ಗೊತ್ತಾದರೆ ಈ ಜೀನೋಮ್ (ಗಿಡದ ಇಡೀ ಡಿಎನ್‌ಎ) ಗದ್ದಲ ಎಲ್ಲ ಯಾಕೆ ಅನ್ನುವುದೂ ಗೊತ್ತಾಗುತ್ತದೆ.

ನಮ್ಮಲ್ಲಿ ವರ್ಣತಂತುಗಳು (ಜೀನ್‌ಗಳನ್ನು ಹೊತ್ತ ಡಿಎನ್‌ಎ ಎಳೆಗಳು) ಜೋಡಿ ಜೋಡಿ. ಅಮ್ಮನದೊಂದು, ಅಪ್ಪನದೊಂದು. ಹೊಲದ ಆಲೂಗಡ್ಡೆಗೆ ಹಾಗಲ್ಲ. 12 ಬಗೆಯ ವರ್ಣತಂತುಗಳು, ಪ್ರತಿಯೊಂದೂ ನಾಲ್ಕು ನಾಲ್ಕು, ಒಟ್ಟು 48. ಆ ನಾಲ್ಕೂ ಒಂದೇ ಥರ ಇದ್ದಿದ್ದರೆ ಪರವಾಗಿರಲಿಲ್ಲ. ಒಂದೇ ಕಥೆಯನ್ನು ನಾಲ್ಕು ಅಜ್ಜಿಯರು ಹೇಳಿದ ಹಾಗೆ ಇರುತ್ತವೆ. ಮೂಲ ಒಂದೇ, ಆದರೆ ಒಬ್ಬರು ಹೇಳಿದ ತುಂಡು ಇನ್ನೊಬ್ಬರಲ್ಲಿ ಇಲ್ಲ, ಒಬ್ಬರು ಹೆಸರು ತಪ್ಪಿಸಿದ್ದಾರೆ, ಒಬ್ಬರು ಅರ್ಧಕ್ಕೇ ನಿದ್ದೆ ಹೋಗಿದ್ದಾರೆ. ಹೂವಿಗೆ ಪರಾಗ ಮುಟ್ಟಿಸಿದಾಗ ತಾಯಿಯ ನಾಲ್ಕರಲ್ಲಿ ಎರಡು, ತಂದೆಯ ನಾಲ್ಕರಲ್ಲಿ ಎರಡು ಮಗುವಿಗೆ ಹೋಗುತ್ತವೆ. ಯಾವ ಎರಡು ಅನ್ನುವುದು ನಮ್ಮ ಕೈಯಲ್ಲಿಲ್ಲ.

ಒಂದು ಸಣ್ಣ ಲೆಕ್ಕ. ರೋಗ ತಡೆಯುವ ಒಂದು ಜೀನ್ ತಾಯಿಯ ನಾಲ್ಕು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ ಇದೆ, ತಂದೆಯಲ್ಲಿ ಇಲ್ಲವೇ ಇಲ್ಲ ಅಂದುಕೊಳ್ಳಿ. ಮಕ್ಕಳಲ್ಲಿ ಅರ್ಧದಷ್ಟಕ್ಕೆ ಮಾತ್ರ ಅದು ಸಿಗುತ್ತದೆ. ಇಂಥ ಹತ್ತು ಗುಣ ಒಂದೇ ಗಿಡದಲ್ಲಿ ಬೇಕು ಎಂದರೆ ಅರ್ಧದ ಅರ್ಧದ ಅರ್ಧ ಅಂತ ಹತ್ತು ಸಲ ಹೋಗಬೇಕು, 1024 ಸಸಿಗೆ ಒಂದು. ಅಸಲಿ ಲೆಕ್ಕ ಇದಕ್ಕಿಂತ ಕಷ್ಟ, ಯಾಕೆಂದರೆ ಇಳುವರಿಯಂಥ ಗುಣದ ಹಿಂದೆ ಒಂದೆರಡಲ್ಲ, ಎಷ್ಟೋ ಜೀನ್‌ಗಳ ಕೈ ಇರುತ್ತದೆ. ಅದಕ್ಕೇ ದೊಡ್ಡ ತಳಿ ಕೇಂದ್ರಗಳು ವರ್ಷಕ್ಕೆ ಲಕ್ಷ ಸಸಿ ಹಿಡಿದು ಶುರು ಮಾಡಿ, ಹತ್ತು ಹನ್ನೆರಡು ವರ್ಷ ಆದ ಮೇಲೆ ಒಂದು ತಳಿ ಹೊರಗೆ ತಂದರೆ ಗೆದ್ದೆವು ಅನ್ನುತ್ತವೆ.

ಮೊದಲ ವರ್ಷದ ಆಯ್ಕೆ ನೋಡಿದರೆ ನಿಮಗೆ ಅಯ್ಯೋ ಅನ್ನಿಸುತ್ತದೆ. ಪ್ರತಿ ಗಿಡ ಅಗೆದು ಅದರ ಗಡ್ಡೆಗಳನ್ನು ಅಲ್ಲೇ ಮಣ್ಣಿನ ಮೇಲೆ ಗುಡ್ಡೆ ಮಾಡಿ ಸಾಲಾಗಿ ಇಟ್ಟಿರುತ್ತೇವೆ. ನಮ್ಮ ಸರ್ ಸಾಲಿನುದ್ದಕ್ಕೂ ನಡೆಯುತ್ತಾ ಹೋಗುತ್ತಾರೆ. ಒಂದು ಗುಡ್ಡೆಗೆ ನಾಲ್ಕೈದು ಸೆಕೆಂಡು. ‘ಇರಲಿ’ ಎಂದರೆ ಚೀಲಕ್ಕೆ, ‘ಬೇಡ’ ಎಂದರೆ ಅಲ್ಲೇ. ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ‘ಬೇಡ’. ಬಿಸಿಲು ಏರಿದ ಹಾಗೆ ಅವರ ‘ಬೇಡ’ ಇನ್ನೂ ಜಾಸ್ತಿ ಆಗುತ್ತಿತ್ತು ಅಂತ ನಾವು ಹಿಂದೆ ನಿಂತು ಪಿಸುಗುಡುತ್ತಿದ್ದೆವು. ಒಂದು ದಿನ ಅವರೇ ಹೇಳಿದರು, ‘ಅಂಗಮಾರಿ ತಡೆಯುವ ಗಿಡವನ್ನೇ ಇವತ್ತು ಬಿಸಾಕಿದೆನೇನೋ, ಕಣ್ಣಿಗೆ ಕಾಣಲ್ಲವಲ್ಲ.’ ನಿಜ. ರೋಗ ಬಾರದ ವರ್ಷ ರೋಗ ತಡೆಯುವ ಗಿಡವೂ ತಡೆಯದ ಗಿಡವೂ ಒಂದೇ.

ಎಲೆ ಚೂರು ಬಂದಿದ್ದು ಇಲ್ಲಿಗೆ. ಸಸಿಗೆ ನಾಲ್ಕು ಎಲೆ ಬಂದ ಕೂಡಲೇ ಪೇಪರ್ ಪಂಚ್‌ನಂಥ ಒಂದು ಸಾಧನದಿಂದ ಹಸಿರು ಬಿಲ್ಲೆ ಕತ್ತರಿಸಿ, 96 ಗುಳಿ ಇರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಒಂದೊಂದಾಗಿ ಹಾಕುತ್ತೇವೆ. ಲ್ಯಾಬಿನಲ್ಲಿ ಡಿಎನ್‌ಎ ತೆಗೆದು ಬೇಕಾದ ಜೀನ್‌ನ ಗುರುತು ಇದೆಯೋ ಇಲ್ಲವೋ ನೋಡುತ್ತಾರೆ. ಈ ಗುರುತಿಗೆ ಮಾರ್ಕರ್ ಅನ್ನುತ್ತಾರೆ. ಬೇರಿಗೆ ಅಂಟುವ ಸಿಸ್ಟ್ ನೆಮಟೋಡ್ ಎಂಬ ಸಣ್ಣ ಹುಳವನ್ನು ತಡೆಯುವ ಎಚ್1 ಜೀನ್‌ಗೆ ಮಾರ್ಕರ್ ಇದೆ. ವೈ ವೈರಸ್ ತಡೆಯುವ ಆರ್‌ವೈ ಜೀನ್‌ಗಳಿಗೂ ಇದೆ. ರೋಗ ಬರಲಿ ಅಂತ ಕಾಯಬೇಕಿಲ್ಲ, ಗಡ್ಡೆ ಕಟ್ಟಲಿ ಅಂತಲೂ ಕಾಯಬೇಕಿಲ್ಲ. ಸಸಿಯ ತಟ್ಟೆಯಲ್ಲೇ ಅರ್ಧ ಹೊರೆ ಇಳಿಯುತ್ತದೆ. ಉಳಿದ ಸಸಿ ಮಾಮೂಲಿನಂತೆ ಹೊಲಕ್ಕೆ. ಅದರೊಳಗೆ ಹೊಸದಾಗಿ ಏನೂ ಹೋಗಿಲ್ಲ, ಅಪ್ಪ ಅಮ್ಮನಿಂದ ಬಂದದ್ದಷ್ಟೇ ಇದೆ. ಇದನ್ನು ಕುಲಾಂತರಿ ಅಂದರೆ ಹೇಗೆ?

ನಾಚಿಕೆಯ ಒಂದು ಕಥೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಒಂದು ಸಲ ಒಂದು ಮುಖ್ಯವಾದ ಸಂಕರಣದ ಹೂಗಳು ನನ್ನ ಪಾಲಿಗೆ ಬಂದಿದ್ದವು. ಕೇಸರ ಕೀಳುವುದು ತಡವಾಗಿತ್ತು ಅಂತ ಕಾಣುತ್ತದೆ, ಪರಾಗ ಆಗಲೇ ಬಿದ್ದುಬಿಟ್ಟಿತ್ತು. ನನಗೆ ಗೊತ್ತಾಗಲಿಲ್ಲ. ಕಾಯಿ ಕಟ್ಟಿತು, ಬೀಜ ಬಂತು, ಮುನ್ನೂರು ಸಸಿ ಬೆಳೆದವು, ಎರಡು ವರ್ಷ ಅವುಗಳ ಹಿಂದೆ ಓಡಾಡಿದೆವು. ಆಮೇಲೆ ಎಲೆ ಚೂರು ಪರೀಕ್ಷೆ ಮಾಡಿದರೆ ಚೀಟಿಯಲ್ಲಿ ಬರೆದ ಅಪ್ಪನ ಒಂದೇ ಒಂದು ಗುರುತೂ ಮುನ್ನೂರರಲ್ಲಿ ಒಂದಕ್ಕೂ ಇಲ್ಲ. ಎಲ್ಲವೂ ತಾಯಿ ಗಿಡ ತನ್ನ ಪರಾಗದಿಂದಲೇ ಹೆತ್ತ ಮಕ್ಕಳು. ಬೈಗುಳ ಬೀಳುತ್ತದೆ ಅಂತ ಕಾದೆ. ಸರ್ ಹಾಳೆ ನೋಡಿ, ‘ಎರಡು ವರ್ಷ ಹೋಯ್ತು, ಮೊದಲಾಗಿದ್ದರೆ ಹತ್ತೂ ಹೋಗ್ತಿತ್ತು’ ಎಂದು ಎದ್ದು ಹೋದರು. ಬೈದಿದ್ದರೇ ವಾಸಿಯಿತ್ತು.

ಇಂಥ ಮಾರ್ಕರ್‌ಗಳನ್ನು ಹುಡುಕುವುದು ಸುಲಭವಾಗಿದ್ದು ಡಿಎನ್‌ಎ ಓದಿನಿಂದ. 2011ರಲ್ಲಿ ಆಲೂಗಡ್ಡೆಯ ಜೀನೋಮ್ ಮೊದಲ ಸಲ ಪ್ರಕಟವಾಯಿತು. ಹಲವು ದೇಶಗಳ ಸಂಸ್ಥೆಗಳು ಸೇರಿದ್ದವು, ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯೂ ಇತ್ತು. 84.4 ಕೋಟಿ ಅಕ್ಷರಗಳ ಪುಸ್ತಕ, ಅದರಲ್ಲಿ 39,031 ಜೀನ್‌ಗಳು ಎಂದು ಲೆಕ್ಕ ಸಿಕ್ಕಿತು. ಮನುಷ್ಯನಿಗೆ ಸುಮಾರು 20 ಸಾವಿರ, ಆಲೂಗಡ್ಡೆಗೆ ಅದರ ಎರಡು ಪಟ್ಟು, ನಮ್ಮ ಜಂಬ ಅಲ್ಲಿಗೆ ಇಳಿಯಬೇಕು. ಆದರೆ ಅವರು ಓದಿದ್ದು ಹೊಲದ ಆಲೂಗಡ್ಡೆಯನ್ನಲ್ಲ. ನಾಲ್ಕು ಅಜ್ಜಿಯರ ಕಥೆಯನ್ನು ಒಟ್ಟಿಗೆ ಬಿಡಿಸುವುದು ಆಗ ಆಗದ ಮಾತಾಗಿತ್ತು. ಅದಕ್ಕೆ ಒಂದೇ ಪ್ರತಿಯಿಂದ ಲ್ಯಾಬಿನಲ್ಲಿ ಬೆಳೆಸಿದ ವಿಶೇಷ ಗಿಡವೊಂದನ್ನು ಓದಿದರು. ನಾಲ್ಕೂ ಪ್ರತಿಗಳನ್ನು ಬೇರೆ ಬೇರೆಯಾಗಿ ಬಿಡಿಸಿ ಓದಲು 2022ರವರೆಗೆ ಕಾಯಬೇಕಾಯಿತು. ‘ಒಟಾವಾ’ ಎಂಬ ತಳಿಗೆ ಇದನ್ನು ಮಾಡಿದ ತಂಡ ಪರಾಗದ ಒಂದೊಂದೇ ಕಣದ ಡಿಎನ್‌ಎ ಓದಿ, ಯಾವ ತುಂಡು ಯಾವ ಪ್ರತಿಯದ್ದು ಅಂತ ಹೊಂದಿಸಿತು. ನಾನು ಟೂತ್‌ಬ್ರಷ್ಷಿನಿಂದ ಉದುರಿಸುತ್ತಿದ್ದೆನಲ್ಲ, ಅದೇ ಪುಡಿ. 2025ರಲ್ಲಿ ಯುರೋಪಿನ ಹಳೆಯ ಹತ್ತು ತಳಿಗಳನ್ನು ಹೀಗೆಯೇ ಬಿಡಿಸಿದಾಗ ಗೊತ್ತಾಯಿತು, ಯುರೋಪಿನ ಆಲೂಗಡ್ಡೆಗಳಲ್ಲಿರುವ ವೈವಿಧ್ಯದ ನೂರಕ್ಕೆ ಸುಮಾರು 85 ಭಾಗ ಆ ಹತ್ತರಲ್ಲೇ ಇದೆಯಂತೆ. ಅಂದರೆ ನೂರಾರು ಹೆಸರು, ಬಂಡವಾಳ ಮಾತ್ರ ಅದದೇ.

ಹೆಸರು ಅಂದಾಗ ನೆನಪಾಯಿತು. ಬಿಂಟ್ಯೆ ಎಂಬ ಡಚ್ ತಳಿ 1910ರದ್ದು. ಅಮೆರಿಕದ ರಸೆಟ್ ಬರ್ಬ್ಯಾಂಕ್ ಕೂಡ ಹೆಚ್ಚುಕಡಿಮೆ ಅದೇ ಕಾಲದ್ದು. ಎರಡೂ ಇವತ್ತಿಗೂ ಹೊಲದಲ್ಲಿವೆ. ಭತ್ತ, ಗೋಧಿಯಲ್ಲಿ ನೂರು ವರ್ಷದ ಹಿಂದಿನ ತಳಿ ಇಷ್ಟು ದೊಡ್ಡದಾಗಿ ಉಳಿದಿರುವುದು ಹೇಳಿ ನೋಡೋಣ. ಆಲೂಗಡ್ಡೆಯನ್ನು ಗಡ್ಡೆಯಿಂದಲೇ ಬೆಳೆಸುತ್ತೇವೆ, ಹಾಗಾಗಿ ಚೆನ್ನಾಗಿರುವುದು ಹಾಗೆಯೇ ಉಳಿಯುತ್ತದೆ, ಕೆಟ್ಟದ್ದೂ ಹಾಗೆಯೇ ಉಳಿಯುತ್ತದೆ. ಒಂದು ಪ್ರತಿಯಲ್ಲಿ ಹಾಳಾದ ಜೀನ್ ಇದ್ದರೆ ಉಳಿದ ಮೂರು ಅದನ್ನು ಮುಚ್ಚಿಕೊಂಡು ಸಂಸಾರ ನಡೆಸುತ್ತವೆ.

ಓದಿನಿಂದ ಸಿಕ್ಕ ನನ್ನ ಮೆಚ್ಚಿನ ಸಂಗತಿ ಎಂದರೆ ಹಗಲಿನ ಕಥೆ. ಆಂಡಿಸ್ ಬೆಟ್ಟಗಳಲ್ಲಿ ಹಗಲು ರಾತ್ರಿ ಹೆಚ್ಚುಕಡಿಮೆ ಸಮ. ಹಗಲು ಗಿಡ್ಡವಾದರೇ ಅಲ್ಲಿನ ಆಲೂಗಡ್ಡೆ ಗಡ್ಡೆ ಕಟ್ಟುವುದು. ಬೇಸಿಗೆಯಲ್ಲಿ ಹದಿನಾರು ಗಂಟೆ ಹಗಲಿರುವ ಯುರೋಪಿಗೆ ಒಯ್ದರೆ ಬರೀ ಸೊಪ್ಪು ಬೆಳೆಯುತ್ತದೆ, ಗಡ್ಡೆ ಕಟ್ಟುವ ಹೊತ್ತಿಗೆ ಹಿಮ ಬಿದ್ದಿರುತ್ತದೆ. ಹಾಗಿದ್ದರೂ ಅಲ್ಲಿ ಹೇಗೆ ಬೆಳೆಯಿತು? 5ನೇ ವರ್ಣತಂತುವಿನ ಮೇಲಿರುವ ಸಿಡಿಎಫ್1 ಎಂಬ ಜೀನ್ ಅದಕ್ಕೆ ಕಾರಣ ಎಂದು 2013ರಲ್ಲಿ ತಿಳಿಯಿತು. ಆ ಜೀನ್‌ನ ಬಾಲ ತುಂಡಾದ ರೂಪಗಳಿವೆ. ಬಾಲ ತುಂಡಾದ ಮೇಲೆ ಗಿಡ ಹಗಲಿನ ಮಾತು ಕೇಳುವುದಿಲ್ಲ, ಬೇಗ ಗಡ್ಡೆ ಕಟ್ಟುತ್ತದೆ. ಹಿಂದಿನ ರೈತರು ಇದನ್ನು ಕಣ್ಣಂದಾಜಿನಲ್ಲೇ ಆರಿಸಿಕೊಂಡಿದ್ದರು. ಈಗ ಸೆಖೆಯ ರಾತ್ರಿಗಳಲ್ಲಿ ಗಡ್ಡೆ ಕಟ್ಟದಿರುವ ಸಮಸ್ಯೆಯ ಹಿಂದೆ ಬಿದ್ದಿರುವವರೂ ಇದೇ ದಾರಿಯ ಜೀನ್‌ಗಳನ್ನು ನೋಡುತ್ತಿದ್ದಾರೆ. ಎಲೆಯಿಂದ ಕೆಳಗಿಳಿದು ‘ಗಡ್ಡೆ ಕಟ್ಟು’ ಎಂದು ಹೇಳುವ ಎಸ್‌ಪಿ6ಎ ಎಂಬ ಸಂದೇಶವಿದೆ, ಬಿಸಿಯಾದರೆ ಅದು ಕುಗ್ಗುತ್ತದೆ. (2025ರ ಇನ್ನೊಂದು ಅಧ್ಯಯನದ ಪ್ರಕಾರ ಈ ಜೀನ್ ಆಲೂಗಡ್ಡೆಗೆ ಬಂದಿದ್ದು ಟೊಮೆಟೊ ಕಡೆಯ ನಂಟಿನಿಂದ. ಸುಮಾರು 90 ಲಕ್ಷ ವರ್ಷದ ಹಿಂದೆ ಟೊಮೆಟೊ ವಂಶವೂ ಎಟುಬರೋಸಮ್ ಎಂಬ ಇನ್ನೊಂದು ಗುಂಪೂ ಬೆರೆತು ಆಲೂಗಡ್ಡೆ ಹುಟ್ಟಿತಂತೆ. ಅಪ್ಪ ಅಮ್ಮ ಇಬ್ಬರಿಗೂ ಗಡ್ಡೆ ಇರಲಿಲ್ಲ. ಯಾವ ಲ್ಯಾಬೂ ಇರಲಿಲ್ಲ, ಸಿರಿಂಜೂ ಇರಲಿಲ್ಲ.)

ಈಗ ಜೀನ್ ಸೇರಿಸುವ ಮಾತಿಗೆ ಬರುತ್ತೇನೆ. ಇಲ್ಲ ಅಂತ ನಾನು ಹೇಳುತ್ತಿಲ್ಲ, ಅದೂ ಇದೆ. ಆದರೆ ಅದರಲ್ಲೂ ಬಗೆಗಳಿವೆ.

ಅಂಗಮಾರಿಯನ್ನೇ ತೆಗೆದುಕೊಳ್ಳಿ. 1845ರಿಂದ ಐರ್ಲೆಂಡಿನಲ್ಲಿ ಹತ್ತು ಲಕ್ಷ ಜನರನ್ನು ಕೊಂದ ಬರಗಾಲದ ಹಿಂದೆ ಇದ್ದ ರೋಗ ಅದು. ಫೈಟಾಫ್ತೊರ ಎಂಬ ಜೀವಿ. ನೋಡಲು ಶಿಲೀಂಧ್ರ, ವಂಶದಲ್ಲಿ ಕಂದು ಪಾಚಿಗೆ ಹತ್ತಿರ. ಮೋಡ ಮುಸುಕಿ ಎಲೆ ಒದ್ದೆ ಇದ್ದರೆ ಸಾಕು, ಎಲೆಯ ಅಂಚಿನಲ್ಲಿ ಬಿಸಿನೀರು ಬಿದ್ದಂಥ ಕಲೆ, ಕೆಳಗೆ ಬಿಳಿ ಬೂಸ್ಟು, ನೋಡನೋಡುತ್ತಾ ಹೊಲ ಕಪ್ಪು. ಅದನ್ನು ತಡೆಯುವ ಜೀನ್‌ಗಳು ಕಾಡು ಆಲೂಗಡ್ಡೆಗಳಲ್ಲಿವೆ. ಮೆಕ್ಸಿಕೋದ ಬಲ್ಬೊಕ್ಯಾಸ್ಟನಮ್ ಎಂಬ ಕಾಡು ಜಾತಿಯಲ್ಲಿ ಒಳ್ಳೆಯವೇ ಇವೆ. ಆದರೆ ಅದು ಹೊಲದ ಆಲೂಗಡ್ಡೆಯ ಜೊತೆ ನೇರವಾಗಿ ಕೂಡುವುದಿಲ್ಲ. ನಡುವೆ ಬೇರೆ ಜಾತಿಗಳನ್ನು ಸೇತುವೆ ಮಾಡಿಕೊಂಡು, ಸಂಕರಣದ ಮೇಲೆ ಸಂಕರಣ ಮಾಡಿ, ಕಾಡಿನ ಕೆಟ್ಟ ಗುಣಗಳನ್ನು ತೊಳೆಯುತ್ತಾ ಬಂದು, ‘ಬಯೋನಿಕಾ’ ಮತ್ತು ‘ಟೊಲುಕಾ’ ಎಂಬ ತಳಿಗಳು ಹೊರಬರುವ ಹೊತ್ತಿಗೆ 46 ವರ್ಷ ಆಗಿತ್ತು. ನಲವತ್ತಾರು! ಶುರು ಮಾಡಿದವರು ನಿವೃತ್ತರಾಗಿ ಹೋಗಿರುತ್ತಾರೆ. ಇಷ್ಟೆಲ್ಲ ಮಾಡಿ ಸಿಕ್ಕಿದ್ದು ಒಂದೇ ಜೀನ್. ಒಂದೇ ಜೀನ್ ಇದ್ದರೆ ಫೈಟಾಫ್ತೊರ ಅದನ್ನು ದಾಟಲು ಕಲಿಯುತ್ತದೆ. ಕಳೆದ ಶತಮಾನದಲ್ಲಿ ಡೆಮಿಸಮ್ ಎಂಬ ಕಾಡು ಜಾತಿಯಿಂದ ತಂದ ಜೀನ್‌ಗಳಲ್ಲಿ ಹೆಚ್ಚಿನವನ್ನು ಅದು ಹಾಗೆಯೇ ದಾಟಿ ಹೋಗಿದೆ.

ನೆದರ್ಲೆಂಡ್ಸಿನ ವಾಖನಿಂಗನ್‌ನಲ್ಲಿ 2006ರಿಂದ 2015ರವರೆಗೆ ನಡೆದ ಯೋಜನೆಯೊಂದು ಬೇರೆ ದಾರಿ ಹಿಡಿಯಿತು. ಕಾಡು ಆಲೂಗಡ್ಡೆಯ ಎರಡು ಮೂರು ಜೀನ್‌ಗಳನ್ನು ಲ್ಯಾಬಿನಲ್ಲೇ ಒಟ್ಟಿಗೆ ಪೋಣಿಸಿ, ಜನ ಈಗಾಗಲೇ ಬೆಳೆಯುವ ತಳಿಗೇ ಸೇರಿಸುವುದು, ಬೇರೆ ಜೀವಿಯದ್ದು ಏನೂ ಬೇಡ. ಲಿಮಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದವರು ಉಗಾಂಡದಲ್ಲಿ ‘ವಿಕ್ಟೋರಿಯಾ’ ಎಂಬ ತಳಿಗೆ ಇಂಥ ಮೂರು ಜೀನ್ ಸೇರಿಸಿ ಹೊಲದಲ್ಲಿ ಪರೀಕ್ಷೆ ಮಾಡಿದ್ದಾರೆ, ಔಷಧಿ ಹೊಡೆಯದೆಯೂ ಗಿಡ ನಿಂತಿದೆ. ಕಾನೂನಿನ ಕಣ್ಣಲ್ಲಿ ಬಹಳ ಕಡೆ ಇದೂ ಕುಲಾಂತರಿಯೇ, ಸರಿ. ಆದರೆ ಆಲೂಗಡ್ಡೆಗೆ ಆಲೂಗಡ್ಡೆಯ ಜೀನ್ ಹಾಕುವುದೂ, ಬ್ಯಾಕ್ಟೀರಿಯದ ಜೀನ್ ಹಾಕುವುದೂ ಓದುಗರಿಗೆ ಒಂದೇ ಅಂತ ಕಾಣುವ ಹಾಗೆ ಬರೆಯಬಾರದು. ಎರಡನೆಯದೂ ನಡೆದಿದೆ. ಮೊನ್ಸಾಂಟೊ 1990ರ ದಶಕದಲ್ಲಿ ಬಿಟಿ ಜೀನ್ ಇರುವ ‘ನ್ಯೂಲೀಫ್’ ತಂದಿತು, ಜೀರುಂಡೆ ಕಾಟ ಕಡಿಮೆಯಾಯಿತು, ಆದರೆ ಚಿಪ್ಸ್ ಮತ್ತು ಫ್ರೈಸ್ ಮಾಡುವ ದೊಡ್ಡ ಖರೀದಿದಾರರು ಬೇಡ ಎಂದರು, 2001ಕ್ಕೆ ಅಂಗಡಿ ಮುಚ್ಚಿತು.

ಇನ್ನು ಕ್ರಿಸ್ಪರ್. ಇಲ್ಲಿ ಹೊರಗಿನದ್ದು ಸೇರಿಸುವ ಬದಲು ಇರುವುದರಲ್ಲೇ ಒಂದು ಕಡೆ ಕತ್ತರಿಸುತ್ತಾರೆ. ಪತ್ರಿಕೆಗಳಲ್ಲಿ ಓದಿದರೆ ಕತ್ತರಿ ತೆಗೆದು ಟಕ್ ಅಂತ ಕತ್ತರಿಸಿದ ಹಾಗೆ ಅನ್ನಿಸುತ್ತದೆ. ಆಲೂಗಡ್ಡೆಯಲ್ಲಿ ನಾಲ್ಕೂ ಪ್ರತಿಗಳನ್ನು ಕತ್ತರಿಸಬೇಕು, ಒಂದು ಉಳಿದರೂ ಕೆಲಸ ಕೆಟ್ಟಿತು. ಸ್ವೀಡನ್ನಿನ ತಂಡವೊಂದು 2017ರಲ್ಲಿ ಪಿಷ್ಟದ ಒಂದು ಜೀನ್‌ನ ನಾಲ್ಕನ್ನೂ ಒಟ್ಟಿಗೆ ಹಿಡಿಯಿತು. ಇನ್ನೊಂದು ತೊಡಕಿದೆ, ಅದನ್ನು ಯಾರೂ ಬರೆಯುವುದಿಲ್ಲ. ಭತ್ತದಲ್ಲಿ ಕತ್ತರಿಯ ಜೀನನ್ನು ಗಿಡದೊಳಗೆ ಹಾಕಿ, ಕೆಲಸ ಆದ ಮೇಲೆ ಮುಂದಿನ ತಲೆಮಾರಿನಲ್ಲಿ ಅದಿಲ್ಲದ ಸಸಿ ಆರಿಸಿಕೊಳ್ಳಬಹುದು. ಆಲೂಗಡ್ಡೆಯಲ್ಲಿ ಇನ್ನೊಂದು ತಲೆಮಾರು ಎಂದರೆ ಆ ತಳಿಯೇ ಹೋಯಿತು, ಇನ್ನೂರು ಬೀಜಕ್ಕೆ ಇನ್ನೂರು ಬಗೆ ಅಂತ ಆಗಲೇ ಹೇಳಿದೆನಲ್ಲ. ಅದಕ್ಕೆ ಗೋಡೆ ತೆಗೆದ ಒಂಟಿ ಕೋಶಕ್ಕೆ ಕತ್ತರಿಯನ್ನು ಪ್ರೋಟೀನ್ ರೂಪದಲ್ಲೇ ಕೊಟ್ಟು, ಅದು ಕತ್ತರಿಸಿ ತಾನೇ ಕರಗಿಹೋದ ಮೇಲೆ, ಆ ಒಂದು ಕೋಶದಿಂದ ಇಡೀ ಗಿಡ ಬೆಳೆಸಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ. ಬೆಳೆಸುವಾಗ ವರ್ಣತಂತುಗಳೇ ಏರುಪೇರಾಗುವುದೂ ಉಂಟು.

ಇಷ್ಟೆಲ್ಲ ಯಾಕೆ ಅಂದರೆ, ಒಂದು ಉದಾಹರಣೆ. ಆಲೂಗಡ್ಡೆಯನ್ನು ತಣ್ಣಗೆ ಇಟ್ಟರೆ ಪಿಷ್ಟ ಸಕ್ಕರೆಯಾಗುತ್ತದೆ. ಅದನ್ನು ಎಣ್ಣೆಯಲ್ಲಿ ಕರಿದಾಗ ಕಪ್ಪಗಾಗುತ್ತದೆ, ಅಕ್ರಿಲಮೈಡ್ ಎಂಬ ಬೇಡದ ವಸ್ತುವೂ ಹುಟ್ಟುತ್ತದೆ. ಆಹಾರದಲ್ಲಿ ಇದು ಇದೆ ಎಂದು 2002ರಲ್ಲಿ ಸ್ವೀಡನ್ನಿನಲ್ಲಿ ಗೊತ್ತಾಯಿತು. ಪಿಷ್ಟದಿಂದ ಬಂದ ಸಕ್ಕರೆಯನ್ನು ಒಡೆಯುವ ಇನ್‌ವರ್ಟೇಸ್ ಜೀನನ್ನು ನಿಲ್ಲಿಸಿದರೆ ಎರಡೂ ತಗ್ಗುತ್ತವೆ. ರಸೆಟ್ ಜಾತಿಯ ಒಂದು ತಳಿಯಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ.

ಸಹಜ ಸಂಕರಣ ಅಂದರೆ ಎಲ್ಲ ಒಳ್ಳೆಯದು ಅನ್ನುವವರಿಗೆ ‘ಲೆನಾಪೆ’ ಕಥೆ ಹೇಳಬೇಕು. 1967ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ತಳಿ. ಕಾಡು ಜಾತಿಯೊಂದರ ಜೊತೆ ಪರಾಗ ಮುಟ್ಟಿಸಿಯೇ ಮಾಡಿದ್ದು, ಯಾವ ಲ್ಯಾಬ್ ಕೈಚಳಕವೂ ಇಲ್ಲ. ಚಿಪ್ಸ್‌ಗೆ ಹೇಳಿ ಮಾಡಿಸಿದ ಹಾಗಿತ್ತು. ಆಮೇಲೆ ನೋಡಿದರೆ ಅದರಲ್ಲಿ ಸೊಲನಿನ್ ಜಾತಿಯ ವಿಷ ಮಾಮೂಲಿಗಿಂತ ಬಹಳ ಜಾಸ್ತಿ. 1970ರಲ್ಲಿ ವಾಪಸ್ ತೆಗೆದುಕೊಂಡರು. ಹೇಗೆ ಮಾಡಿದರು ಅನ್ನುವುದಕ್ಕಿಂತ ಗಡ್ಡೆಯಲ್ಲಿ ಏನು ಬಂತು ಅನ್ನುವುದನ್ನು ನೋಡಬೇಕು ಅಲ್ವಾ?

ನನ್ನನ್ನು ಕೇಳಿದರೆ ದೊಡ್ಡ ಸುದ್ದಿ ಇದ್ಯಾವುದೂ ಅಲ್ಲ. ದೊಡ್ಡ ಸುದ್ದಿ ಎಂದರೆ ನಾಲ್ಕನ್ನು ಎರಡಕ್ಕೆ ಇಳಿಸುವುದು. ಎರಡೇ ಪ್ರತಿ ಇರುವ ಆಲೂಗಡ್ಡೆಗಳು ಆಂಡಿಸ್‌ನಲ್ಲಿ ಇದ್ದೇ ಇವೆ. ಅವುಗಳಲ್ಲಿ ಸ್ವಪರಾಗದಿಂದ ಶುದ್ಧ ಸಾಲು (ಬೀಜ ಬಿತ್ತಿದರೂ ಒಂದೇ ಥರ ಬರುವ ಗಿಡಗಳು) ಮಾಡಬಹುದು, ಒಂದೊಂದು ತಲೆಮಾರಿಗೆ ಬೆರಕೆ ಅರ್ಧ ಇಳಿಯುತ್ತದೆ, ನಾಲ್ಕು ಪ್ರತಿಯದ್ದಾದರೆ ಅಷ್ಟಕ್ಕೆ ಸುಮಾರು ನಾಲ್ಕು ತಲೆಮಾರು ಬೇಕು. ತೊಂದರೆ ಏನೆಂದರೆ ಎರಡು ಪ್ರತಿಯವು ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ. ಚಾಕೋಯೆನ್ಸೆ ಎಂಬ ಕಾಡು ಜಾತಿಯಲ್ಲಿ ಈ ಹಟ ಬಿಡಿಸುವ ಎಸ್‌ಎಲ್‌ಐ ಎಂಬ ಜೀನ್ ಇದೆ ಎಂದು 1998ರಲ್ಲೇ ಗೊತ್ತಾಗಿತ್ತು. ಅದು ಯಾವುದು ಅಂತ ಪತ್ತೆಯಾಗಿದ್ದು 2021ರಲ್ಲಿ. ಅದೇ ವರ್ಷ ಚೀನಾದ ಹುವಾಂಗ್ ಸಾನ್‌ವೆನ್ ಅವರ ತಂಡ ಜೀನೋಮ್ ಓದಿ, ಹಾಳು ಜೀನ್‌ಗಳು ಕಡಿಮೆ ಇರುವ ಸಾಲುಗಳನ್ನು ಆರಿಸಿ, ಅವುಗಳಿಂದ ಹೈಬ್ರಿಡ್ ಆಲೂಗಡ್ಡೆ ಮಾಡಿ ತೋರಿಸಿತು. ಡಚ್ಚರ ಸೊಲಿಂಟಾ ಕಂಪನಿ ಇನ್ನೂ ಮೊದಲಿನಿಂದ ಇದೇ ದಾರಿಯಲ್ಲಿದೆ.

ರೈತನಿಗೆ ಇದರಿಂದ ಏನು? ಬಿತ್ತನೆ ಗಡ್ಡೆ ಹೆಕ್ಟೇರಿಗೆ ಎರಡು ಎರಡೂವರೆ ಟನ್ ಬೇಕು. ಲಾರಿ ಬೇಕು, ಶೀತಲಗೃಹ ಬೇಕು, ಜೊತೆಗೆ ಹೋದ ವರ್ಷದ ವೈರಸ್ಸೂ ಬರುತ್ತದೆ. ಹೈಬ್ರಿಡ್ ಬೀಜವಾದರೆ ಸುಮಾರು 25 ಗ್ರಾಂ ಸಾಕು ಎಂದು ಅದರ ತಳಿಗಾರರ ಲೆಕ್ಕ. ಅಂಗಿಯ ಜೇಬಿನಲ್ಲಿ ಹಿಡಿಯುತ್ತದೆ. ಹೆಚ್ಚಿನ ವೈರಸ್‌ಗಳು ಬೀಜದಲ್ಲಿ ದಾಟುವುದಿಲ್ಲ. ಆದರೆ ಸಸಿ ಮಾಡಬೇಕು, ನಾಟಿ ಮಾಡಬೇಕು, ಎಳೆಯ ಸಸಿ ಬಲು ನಾಜೂಕು, ಬೆಳೆ ಬರಲು ಸಮಯವೂ ಜಾಸ್ತಿ. ಇದನ್ನು ಮುಚ್ಚಿಟ್ಟು ಬರೆದರೆ ನಾಳೆ ಬೈಸಿಕೊಳ್ಳುವವರು ನೀವೇ.

ನನಗೂ ಅನುಮಾನಗಳಿವೆ. ಈ ಬೀಜ ಯಾರ ಕೈಯಲ್ಲಿ ಇರುತ್ತದೆ? ಹೈಬ್ರಿಡ್‌ನ ಗಡ್ಡೆಯನ್ನೇ ಉಳಿಸಿ ಮತ್ತೆ ಬಿತ್ತಿದರೂ ಅದೇ ತಳಿ ಬರುತ್ತದೆ, ಜೋಳದ ಹೈಬ್ರಿಡ್‌ನ ಹಾಗೆ ಕೆಡುವುದಿಲ್ಲ, ಅದೊಂದು ಸಮಾಧಾನ. ಆದರೆ ಬಿತ್ತಲು ಹಕ್ಕು ಇದೆಯೋ ಇಲ್ಲವೋ ಎಂದು ಹೇಳುವುದು ಗಿಡವಲ್ಲ, ಕಾಗದ. ಕಾಡು ಜೀನ್‌ಗಳೆಲ್ಲ ಬಂದದ್ದು ಲ್ಯಾಟಿನ್ ಅಮೆರಿಕದಿಂದ. ಪೆರುವಿನ ಪಿಸಾಕ್ ಬಳಿ ಊರುಗಳು ಸೇರಿ ಆಲೂಗಡ್ಡೆ ವನ ಮಾಡಿಕೊಂಡಿವೆ, ಅವರಿಂದಲೇ ಸಂಗ್ರಹಕ್ಕೆ ಹೋಗಿದ್ದ ನೂರಾರು ನಾಟಿ ತಳಿಗಳನ್ನು ಲಿಮಾ ಕೇಂದ್ರ ರೋಗ ಬಿಡಿಸಿ ಅವರಿಗೇ ವಾಪಸ್ ಕೊಟ್ಟಿದೆ. ಇಂಥದ್ದು ಎಲ್ಲ ಕಡೆ ಆಗುತ್ತಿಲ್ಲ. ಇನ್ನೊಂದು, ಓದುವ ಯಂತ್ರಕ್ಕೆ ದುಡ್ಡು ಸಿಗುತ್ತದೆ, ಹೊಲದಲ್ಲಿ ಗಡ್ಡೆ ಎಣಿಸುವವರಿಗೆ ಸಿಗುವುದಿಲ್ಲ. ಸಾವಿರಾರು ಗುರುತುಗಳನ್ನು ನೋಡಿ ಯಾವ ಸಸಿ ಚೆನ್ನಾಗಿ ಬೆಳೆದೀತು ಎಂದು ಮೊದಲೇ ಅಂದಾಜು ಮಾಡುವ ಲೆಕ್ಕ ಈಗ ಬಂದಿದೆ, ಆದರೆ ಆ ಲೆಕ್ಕಕ್ಕೆ ಕಲಿಸುವುದು ಹೊಲದ ಅಳತೆಯೇ. ಅಳತೆ ತಪ್ಪಿದರೆ ಕಂಪ್ಯೂಟರ್ ಏನು ಮಾಡೀತು, ಪಾಪ. ಚೀಟಿ ತಪ್ಪು ಕಟ್ಟಿದವಳು ಹೇಳುತ್ತಿದ್ದೇನೆ, ನಂಬಿ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಎಲೆ ಓದಿ ಸಸಿ ಆರಿಸಿದ್ದರೆ ಹಾಗೆಂದೇ ಬರೆಯಿರಿ. ಕಾಡು ಆಲೂಗಡ್ಡೆಯ ಜೀನ್ ಆದರೆ ಅದನ್ನು ಹೇಳಿ, ಬೇರೆ ಜೀವಿಯದ್ದಾದರೆ ಅದನ್ನೂ ಹೇಳಿ, ಕತ್ತರಿಸಿದ್ದು ಮಾತ್ರ ಆದರೆ ಅದನ್ನು. ವಿರೋಧ ಮಾಡುವವರು ಆಮೇಲೆ ಮಾಡಲಿ, ಯಾವುದನ್ನು ವಿರೋಧಿಸುತ್ತಿದ್ದೇವೆ ಅಂತ ಗೊತ್ತಿದ್ದು ಮಾಡಲಿ. ‘ಕುಲಾಂತರಿ’ ಚಿಕ್ಕ ಪದ, ತಲೆಬರಹದಲ್ಲಿ ಹಿಡಿಯುತ್ತದೆ ಅನ್ನುವುದು ನನಗೂ ಗೊತ್ತು.

ಮತ್ತೆ ಆ ಫೋಟೊ. ಮುಂದಿನ ಸಲ ಚಿತ್ರ ಬೇಕಾದರೆ ಹಸಿರು ಬಿಲ್ಲೆಗಳಿರುವ 96 ಗುಳಿಯ ತಟ್ಟೆ ಹಾಕಿ, ಇಲ್ಲವೇ ಹೂವಿನದ್ದು ಹಾಕಿ. ಕೇಸರ ಕಿತ್ತ ಹೂವಿನ ಒಂದು ಫೋಟೊ ನನ್ನ ಹತ್ತಿರವೇ ಇದೆ, ಬೇಕಿದ್ದರೆ ಕಳಿಸುತ್ತೇನೆ. ಸ್ವಲ್ಪ ಮಸುಕಾಗಿದೆ. ಒಂದು ಕೈಯಲ್ಲಿ ಚಿಮುಟ ಇತ್ತು.

ಇತಿ,
ನಿಮ್ಮ ಹಳೆಯ ಓದುಗಿ